ಹೆಜ್ಜೆ ಮುಂದಿಡದವನು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಹಮ್ಮದ್ ಅಲಿಯನ್ನು ನೆನೆದು ಆಡಿದ ಮಾತು)



ನಾವಿವತ್ತು ನೆನೆಯಲು ಸೇರಿರುವ ಮನುಷ್ಯ ಮಂತ್ರಿಯಲ್ಲ, ಪಂಡಿತನಲ್ಲ. ಗುದ್ದಾಡಿ ಹೊಟ್ಟೆ ಹೊರೆದವನು. ದುಡ್ಡಿಗಾಗಿ 61 ಸಲ ರಿಂಗಿಗೆ ಇಳಿದ, 56 ಸಲ ಗೆದ್ದ. ಪ್ರಪಂಚದ ಹೆವಿವೇಟ್ ಪಟ್ಟ ಮೂರು ಸಲ ಅವನ ಪಾಲಾಯಿತು. 2016ರ ಜೂನ್ 3ರಂದು, 74ನೇ ವಯಸ್ಸಿನಲ್ಲಿ ತೀರಿಕೊಂಡ. ಆವತ್ತು ಅಮೆರಿಕದ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಹೊಗಳಿದರು. ಗಟ್ಟಿಮುಟ್ಟಾಗಿದ್ದಾಗ ಅವನನ್ನು ದೇಶದ್ರೋಹಿ ಅಂತ ಬೈದಿದ್ದ ಊರೇ ಬೀದಿಗೆ ಬಂದು ಹೂವು ಎಸೆಯಿತು. ಸತ್ತ ಮೇಲೆ ಹೊಗಳೋದು ಬಲು ಸುಲಭ. ಬಾಬಾಸಾಹೇಬರ ಪಟಕ್ಕೆ ಹಾರ ಹಾಕುವ ಎಷ್ಟು ಕೈಗಳು ಅವರ ಪುಸ್ತಕ ತೆರೆದಿವೆ, ನೀವೇ ಹೇಳಿ. ಅದಕ್ಕೇ ನಾನು ಅಲಿಯ ಗುದ್ದುಗಳ ಲೆಕ್ಕ ಒಪ್ಪಿಸಲಿಕ್ಕೆ ಬಂದಿಲ್ಲ. ಅವನು ಇಡದೆ ಹೋದ ಒಂದು ಹೆಜ್ಜೆಯ ಬಗ್ಗೆ ಹೇಳಬೇಕು, ಆಮೇಲೆ ಅವನ ಬಾಯಿಂದ ಬಂದ ಒಂದು ಬೈಗುಳದ ಬಗ್ಗೆಯೂ ಹೇಳಬೇಕು.

ಒಂದು ಮಾತು. ನಾನು ಅವನನ್ನ 'ಅವನು' ಅಂತಲೇ ಕರೀತೀನಿ. ಇದು ಸಲುಗೆಯ ಏಕವಚನ, ದಣಿಯ ಏಕವಚನ ಅಲ್ಲ. ಇವೆರಡರ ವ್ಯತ್ಯಾಸ ನಮ್ಮ ಕೇರಿಯ ಕಿವಿಗೆ ಯಾರೂ ಕಲಿಸಬೇಕಾಗಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಓಹಾಯೋ ನದಿ ದಂಡೆಯ ಮೇಲೆ ಲೂಯಿವಿಲ್ ಅಂತ ಒಂದು ಊರು. ಅಲ್ಲಿ 1942ರ ಜನವರಿ 17ರಂದು ಹುಟ್ಟಿದ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಅವ್ವ ಒಡೆಸಾ ಬಿಳಿಯರ ಮನೆಗಳಲ್ಲಿ ಅಡುಗೆ ಮಾಡಿ, ಕಸಮುಸುರೆ ಮಾಡಿ ಬರುತ್ತಿದ್ದಳು. ಆ ಊರಲ್ಲಿ ಫಾಂಟೇನ್ ಫೆರಿ ಅಂತ ಮಕ್ಕಳ ಆಟದ ಪಾರ್ಕು ಇತ್ತು. ತಿರುಗೋ ಕುದುರೆ, ಉಯ್ಯಾಲೆ, ಎಲ್ಲ ಇತ್ತು, ಬಿಳಿ ಮಕ್ಕಳಿಗೆ ಮಾತ್ರ. ಕಪ್ಪು ಮಕ್ಕಳು ಬೇಲಿಯಾಚೆ ನಿಂತು ನೋಡಬಹುದಿತ್ತು. ಹೋಟೆಲಿನ ಹೊರಗೆ ಕೂತು ಬೇರೆ ಲೋಟದಲ್ಲಿ ಟೀ ಕುಡಿದವರ ಮಕ್ಕಳು ನಾವು, ಇದನ್ನ ಬಿಡಿಸಿ ಹೇಳೋದು ಬೇಡ.

ಹನ್ನೆರಡು ವರ್ಷದವನಾಗಿದ್ದಾಗ, 1954ರಲ್ಲಿ, ಅವನ ಹೊಸ ಸೈಕಲ್ ಕಳುವಾಯಿತು. ಅಳುತ್ತಾ ಕಟ್ಟಡವೊಂದರ ಕೆಳಮನೆಗೆ ದೂರು ಕೊಡಲು ಹೋದ. ಅಲ್ಲಿ ಜೋ ಮಾರ್ಟಿನ್ ಅನ್ನುವ ಬಿಳಿ ಪೊಲೀಸಿನವನು ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಕದ್ದವನಿಗೆ ಬಾರಿಸ್ತೀನಿ ಅಂದ ಹುಡುಗನಿಗೆ, ಮೊದಲು ಬಾರಿಸೋದು ಕಲಿ ಅಂದ. ಸೈಕಲ್ ಸಿಗಲಿಲ್ಲ, ಗ್ಲೌಸು ಸಿಕ್ಕಿತು. ಈ ಕಥೆ ಎಲ್ಲರೂ ಹೇಳ್ತಾರೆ. ಮುದ್ದಾದ ಕಥೆ, ಯಾರ ಮನಸ್ಸಿಗೂ ನೋವಾಗೋದಿಲ್ಲ, ಅದಕ್ಕೇ ಹೇಳ್ತಾರೆ ಅಂತ ನನ್ನ ಗುಮಾನಿ.

ಮರುವರ್ಷದ ಕಥೆ ಅಷ್ಟಾಗಿ ಹೇಳೋದಿಲ್ಲ. 1955ರ ಆಗಸ್ಟಿನಲ್ಲಿ ಎಮ್ಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗ ಶಿಕಾಗೋದಿಂದ ಮಿಸಿಸಿಪಿಯ ನೆಂಟರ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಬಿಳಿ ಹೆಂಗಸಿನೊಂದಿಗೆ ಸಲುಗೆಯಿಂದ ನಡೆದುಕೊಂಡ ಅಂತ ಆರೋಪ ಹೊರಿಸಿ, ರಾತ್ರಿ ಎಳೆದುಕೊಂಡು ಹೋಗಿ, ಕೊಂದು ನದಿಗೆ ಎಸೆದರು. ಹೆಣ ಊರಿಗೆ ಬಂದಾಗ ತಾಯಿ ಶವಪೆಟ್ಟಿಗೆ ಮುಚ್ಚಗೊಡಲಿಲ್ಲ, ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದಳು. ಜಜ್ಜಿಹೋದ ಆ ಮುಖದ ಫೋಟೋ ಕಪ್ಪು ಜನರ ಪತ್ರಿಕೆಗಳಲ್ಲಿ ಬಂತು. ಲೂಯಿವಿಲ್‌ನಲ್ಲಿ ಹದಿಮೂರು ವರ್ಷದ ಇವನೂ ನೋಡಿದ. ಹೆಚ್ಚುಕಮ್ಮಿ ತನ್ನದೇ ವಯಸ್ಸಿನ ಮುಖ. ಕೊಂದವರಿಬ್ಬರನ್ನೂ ಬಿಳಿಯರೇ ತುಂಬಿದ್ದ ಜ್ಯೂರಿ ನಿರ್ದೋಷಿಗಳೆಂದು ಬಿಟ್ಟುಕಳಿಸಿತು. ನಮ್ಮಲ್ಲಿ 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರಲ್ಲ, ಆ ಕೇಸಿನಲ್ಲೂ 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿ ಹೇಳುವವರ ಬಾಯಿ ಯಾಕೆ ಕಟ್ಟಿಹೋಗುತ್ತೆ ಅಂತ ಇಲ್ಲಿ ಕೂತಿರುವವರಿಗೆ ಗೊತ್ತು.

ಹುಡುಗ ಓದಿನಲ್ಲಿ ಹಿಂದೆ. ಅಕ್ಷರ ಅವನಿಗೆ ಸುಲಭಕ್ಕೆ ಬಗ್ಗುತ್ತಿರಲಿಲ್ಲ. 1960ರಲ್ಲಿ ಹೈಸ್ಕೂಲು ಮುಗಿಸಿದಾಗ 391 ಮಂದಿಯಲ್ಲಿ ಅವನ ಸ್ಥಾನ 376. ಈ ಅಂಕಿಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅದೇ ವರ್ಷ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ. ಚಿನ್ನ ಕೊರಳಲ್ಲಿ ಹಾಕಿಕೊಂಡು ಊರಿಗೆ ಬಂದರೂ ಬಿಳಿಯರ ಹೋಟೆಲಿನಲ್ಲಿ ಊಟ ಇಲ್ಲ. ಸಿಟ್ಟಿನಿಂದ ಪದಕವನ್ನು ಓಹಾಯೋ ನದಿಗೆ ಎಸೆದ ಅಂತ ಒಂದು ಕಥೆ ಇದೆ. ನಮ್ಮ ಭಾಷಣಗಾರರಿಗೆ ಅದು ಬಲು ಇಷ್ಟ. ಅವನ ಹೆಸರಿನಲ್ಲಿ ಬಂದ ಆತ್ಮಕಥೆಯಲ್ಲೂ ಇತ್ತು. ಆದರೆ ಪದಕ ಕಳೆದುಹೋಯಿತು ಅಂತ ಆಮೇಲೆ ಅವನೇ ಹೇಳಿದ. ನನ್ನ ವಿನಂತಿ ಇಷ್ಟೇ, ಆ ಕಥೆ ಬಿಡಿ. ಊಟ ಕೊಡದ ಹೋಟೆಲಿದ್ದ ಊರು ನಿಜ, ಅದರ ಮೇಲೆ ಬಣ್ಣ ಬಳಿಯೋದು ಯಾಕೆ? ನಾವು ಒಂದು ಸುಳ್ಳು ಹೇಳಿದರೆ ನಮ್ಮ ಹತ್ತು ಸತ್ಯಗಳನ್ನ ಅನುಮಾನಿಸಲು ಜನ ಕಾದು ಕೂತಿದ್ದಾರೆ.

ರೋಮ್‌ನಿಂದ ಬಂದವನನ್ನು ಊರಿನ ಹನ್ನೊಂದು ಮಂದಿ ಬಿಳಿ ಶ್ರೀಮಂತರು ಸೇರಿಕೊಂಡು ಕರಾರು ಮಾಡಿಕೊಂಡರು. ಖರ್ಚು ಅವರದು, ಗುದ್ದು ತಿನ್ನೋದು ಇವನದು, ಬಂದದ್ದರಲ್ಲಿ ಸರಿಪಾಲು. ಆ ಕಾಲಕ್ಕೆ ಅದು ನ್ಯಾಯದ ಕರಾರೇ ಅಂತ ತಿಳಿದವರು ಬರೀತಾರೆ, ಇರಬಹುದು. ನನಗೆ ಮಾತ್ರ ಒಳ್ಳೆ ಎತ್ತಿಗೆ ಸಾಲಾಗಿ ಕೂತು ಬಂಡವಾಳ ಹಾಕುವ ಜಾತ್ರೆಯ ಚಿತ್ರವೇ ಕಣ್ಣಿಗೆ ಬರುತ್ತೆ. ಬಾಕ್ಸಿಂಗ್ ಅಂದ್ರೆ ಏನು ಗೆಳೆಯರೇ? ಒಬ್ಬ ಬಡವನ ತಲೆಯನ್ನು ಇನ್ನೊಬ್ಬ ಬಡವ ಒಡೆಯೋದನ್ನ ದುಡ್ಡಿರುವವರು ಮುಂದಿನ ಸಾಲಲ್ಲಿ ಸಿಗಾರ್ ಸೇದುತ್ತಾ ನೋಡುವ ಆಟ. ಆ ಆಟದಲ್ಲಿ ಮೈ ಮಾತಾಡಬೇಕು, ಬಾಯಿ ಮುಚ್ಚಿರಬೇಕು. ಇವನದು ಎರಡೂ ಮಾತಾಡಿತು. ನಾನೇ ಚೆಲುವ, ನಾನೇ ದೊಡ್ಡವನು ಅಂತ ಕೂಗಿದ. ಪ್ರಾಸ ಕಟ್ಟಿ ಇಂಥ ಸುತ್ತಿನಲ್ಲಿ ಇಂಥವನು ಬೀಳ್ತಾನೆ ಅಂತ ಮುಂಚೆಯೇ ಸಾರಿದ. ಅವನ ಪ್ರಾಸಗಳು ಕಾವ್ಯವಾಗಿ ಅಷ್ಟಕ್ಕಷ್ಟೇ, ನಾನೂ ನಾಕು ಸಾಲು ಬರೆಯೋನಾದ್ದರಿಂದ ಹೇಳ್ತಿದ್ದೀನಿ. ಆದರೆ ಕಪ್ಪು ಚರ್ಮ ಅಂದ್ರೆ ಕುರೂಪ ಅಂತ ಮುನ್ನೂರು ವರ್ಷ ಕಲಿಸಿದ ದೇಶದಲ್ಲಿ ಕರಿಯನೊಬ್ಬ ಟೆಲಿವಿಷನ್ ಮುಂದೆ ನಿಂತು ನಾನು ಚೆಲುವ ಅಂದದ್ದಿದೆಯಲ್ಲ, ಅದನ್ನ ಬರೀ ಜಂಬ ಅಂದುಕೊಂಡವರಿಗೆ ಕಿವಿ ಇಲ್ಲ.

1964ರ ಫೆಬ್ರವರಿ 25, ಮಯಾಮಿ. ಎದುರಿಗೆ ಸೋನಿ ಲಿಸ್ಟನ್. ಇವನು ಗೆಲ್ತಾನೆ ಅಂದವರು ವಿರಳ, ಪಂದ್ಯದ ಬಾಜಿ ಒಂದಕ್ಕೆ ಏಳು. ಏಳನೇ ಸುತ್ತಿಗೆ ಲಿಸ್ಟನ್ ಎದ್ದು ಬರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಲೋಕದ ಚಾಂಪಿಯನ್. ಮಾರನೇ ದಿನ ಪತ್ರಕರ್ತರ ಮುಂದೆ, ನಾನು ಕಪ್ಪು ಮುಸ್ಲಿಮರ ಸಂಘಟನೆಗೆ ಸೇರಿದವನು ಅಂತ ಒಪ್ಪಿಕೊಂಡ. ಮಾರ್ಚಿನಲ್ಲಿ ಹೆಸರು ಬದಲಾಯಿತು. ಕ್ಯಾಶಿಯಸ್ ಕ್ಲೇ ಹೋಗಿ ಮಹಮ್ಮದ್ ಅಲಿ ಆದ. ಹಳೇ ಹೆಸರು ಗುಲಾಮಗಿರಿಯ ಹೆಸರು, ದಣಿಗಳ ಕುಲದ ಹೆಸರು ನನಗೆ ಬೇಡ ಅನ್ನೋದು ಅವನ ವಾದ. ಆ ಮೂಲ ಕ್ಲೇ ಅನ್ನುವಾತ ಗುಲಾಮಗಿರಿಯ ವಿರುದ್ಧ ಹೋರಾಡಿದ ಬಿಳಿಯ ಅನ್ನೋದೂ ನಿಜ. ಇರಲಿ. ಒಳ್ಳೇ ದಣಿಯ ಹೆಸರಾದರೂ ದಣಿಯ ಹೆಸರೇ ತಾನೆ?

ಹೆಸರಿನ ಸಂಗತಿ ನಮಗೆ ಚೆನ್ನಾಗಿ ಗೊತ್ತು. ಅಜ್ಜನ ಹೆಸರು ಮಾದಯ್ಯ. ಊರೊಳಗೆ ಕಾಲಿಟ್ಟರೆ 'ಅಯ್ಯ' ಹಟ್ಟಿಯಲ್ಲೇ ಉಳಿದು ಬರೀ 'ಮಾದ' ಹೋಗುತ್ತಿದ್ದ. ಹತ್ತು ವರ್ಷದ ಗೌಡರ ಹುಡುಗ ಎಪ್ಪತ್ತರ ಮುದುಕನಿಗೆ 'ಲೋ ಮಾದ, ಬಾರೋ ಇಲ್ಲಿ' ಅನ್ನಬಹುದಿತ್ತು. ಎರಡಕ್ಷರ ಕಿತ್ತುಕೊಳ್ಳೋದರಲ್ಲಿ ಇಡೀ ಊರಿನ ವ್ಯವಸ್ಥೆ ಅಡಗಿತ್ತು. ಅಮೆರಿಕದಲ್ಲೂ ಅದೇ ಆಯಿತು. ದೊಡ್ಡ ದೊಡ್ಡ ಪತ್ರಿಕೆಗಳು ವರ್ಷಗಟ್ಟಲೆ ಅವನನ್ನು ಕ್ಲೇ ಅಂತಲೇ ಬರೆದವು. ಸಿನಿಮಾ ನಟರು ಹೆಸರು ಬದಲಾಯಿಸಿದರೆ ಒಪ್ಪುತ್ತಿದ್ದವರಿಗೆ ಇವನ ಹೆಸರು ಮಾತ್ರ ನಾಲಿಗೆಗೆ ಹೊರಳಲಿಲ್ಲ. 1967ರ ಫೆಬ್ರವರಿಯಲ್ಲಿ ಅರ್ನಿ ಟೆರೆಲ್ ಎಂಬ ಎದುರಾಳಿ ಇವನನ್ನು ಕ್ಲೇ ಅಂತ ಕರೆದ. ರಿಂಗಿನಲ್ಲಿ ಒಂದೊಂದು ಗುದ್ದಿಗೂ ನನ್ನ ಹೆಸರೇನು, ನನ್ನ ಹೆಸರೇನು ಅಂತ ಕೇಳುತ್ತಾ ಹದಿನೈದು ಸುತ್ತು ಬಡಿದ. ಅದನ್ನ ನೋಡಿ ನಮ್ಮ ಹುಡುಗರು ಚಪ್ಪಾಳೆ ತಟ್ಟೋದು ನೋಡಿದ್ದೀನಿ. ನನಗೆ ಚಪ್ಪಾಳೆ ಬರೋದಿಲ್ಲ. ಟೆರೆಲ್ ಕೂಡ ಕರಿಯ. ಹೆಸರು ಕಿತ್ತುಕೊಂಡವರು ಮುಂದಿನ ಸಾಲಲ್ಲಿ ಆರಾಮಾಗಿ ಕೂತಿದ್ದರು.

ಈಗ ಹೆಜ್ಜೆಯ ಮಾತು.

ಅಮೆರಿಕದಲ್ಲಿ ಆಗ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುವ ಕಾನೂನು. 1964ರಲ್ಲಿ ಇವನನ್ನೂ ಪರೀಕ್ಷೆಗೆ ಕರೆದರು. ಲೆಕ್ಕ, ಬುದ್ಧಿ ಪರೀಕ್ಷೆಯಲ್ಲಿ ಫೇಲಾದ. 391ರಲ್ಲಿ 376ನೆಯವನು ತಾನೆ. ದೇಶವೆಲ್ಲ ನಕ್ಕಿತು, ಚಾಂಪಿಯನ್ನು ಪೆದ್ದ ಅಂತ. ಸೈನ್ಯಕ್ಕೆ ನಾಲಾಯಕ್ಕು ಅಂತ ಚೀಟಿ ಕೊಟ್ಟರು. ಆಮೇಲೆ ವಿಯೆಟ್ನಾಮಿನಲ್ಲಿ ಜನ ಸಾಲದೆ ಬಂತು. ಪಾಸಾಗುವ ಮಿತಿಯನ್ನು 30ರಿಂದ 15ಕ್ಕೆ ಇಳಿಸಿದರು. ಇವನದು 16 ಇತ್ತು. 1966ರ ಫೆಬ್ರವರಿಯಲ್ಲಿ ಪೆದ್ದನಾಗಿದ್ದವನು ರಾತ್ರೋರಾತ್ರಿ ಲಾಯಕ್ಕಾದ. ಹೀಗಿರುತ್ತೆ ನೋಡಿ ಮೆರಿಟ್ಟು! ಸೀಟು ಕೇಳಿದರೆ ಅಂಕ ಸಾಲದು ಅನ್ನುವ ವ್ಯವಸ್ಥೆ, ಸಾಯಲಿಕ್ಕೆ ಆಳು ಬೇಕಾದಾಗ ಅಂಕವನ್ನು ತಾನೇ ಇಳಿಸಿಕೊಳ್ಳುತ್ತೆ. ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 11, ಕಾದಾಟದಲ್ಲಿ ಸತ್ತವರಲ್ಲಿ ಅವರ ಪಾಲು ಸುಮಾರು 20.

ಸುದ್ದಿಗಾರರು ಮನೆಮುಂದೆ ಮುತ್ತಿಕೊಂಡು ಏನಂತೀಯ ಅಂದಾಗ, ವಿಯೆಟ್ ಕಾಂಗ್ ಜೊತೆ ನನಗೇನೂ ಜಗಳವಿಲ್ಲ ಅಂದ. ಓದಿ ತಯಾರಾಗಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ದಾರಿಗಳಿದ್ದವು. ಸೈನಿಕರ ಮುಂದೆ ಪ್ರದರ್ಶನದ ಆಟ ಆಡಿಕೊಂಡು, ಬಂದೂಕು ಮುಟ್ಟದೆ, ಎರಡು ವರ್ಷ ಕಳೆದು ಪಟ್ಟ ಉಳಿಸಿಕೊಂಡು ಬರಬಹುದಿತ್ತು. ಹಿಂದೆ ಜೋ ಲೂಯಿಸ್ ಎಂಬ ದೊಡ್ಡ ಕಪ್ಪು ಚಾಂಪಿಯನ್ ಎರಡನೇ ಮಹಾಯುದ್ಧದಲ್ಲಿ ಹಾಗೆ ಮಾಡಿದ್ದ, ದೇಶ ಮೆಚ್ಚಿತ್ತು.

1967ರ ಏಪ್ರಿಲ್ 28, ಹ್ಯೂಸ್ಟನ್ ಊರು. ಸೈನ್ಯ ಭರ್ತಿಯ ಕಚೇರಿ. ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಧಿಕಾರಿ ಒಬ್ಬೊಬ್ಬರ ಹೆಸರು ಕೂಗ್ತಾನೆ, ಹೆಸರು ಬಂದವನು ಒಂದು ಹೆಜ್ಜೆ ಮುಂದಿಡಬೇಕು. ಅಷ್ಟೇ. ಸಹಿ ಬೇಡ, ಪ್ರಮಾಣ ಬೇಡ, ಆ ಒಂದು ಹೆಜ್ಜೆ ಇಟ್ಟರೆ ಅವನು ಸೈನಿಕ. ಕೂಗಿದ್ದು ಹಳೇ ಹೆಸರನ್ನೇ. ಇವನು ಅಲ್ಲಾಡಲಿಲ್ಲ. ಪಕ್ಕಕ್ಕೆ ಕರೆದು ತಿಳಿ ಹೇಳಿದರು: ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ, ಯೋಚನೆ ಮಾಡು. ಮತ್ತೆ ಕೂಗಿದರು. ಮತ್ತೆ ನಿಂತಲ್ಲೇ ನಿಂತ. ರಿಂಗಿನಲ್ಲಿ ಚಿಟ್ಟೆಯಂಗೆ ಕುಣಿದಾಡಿ ಹೆಸರಾದ ಕಾಲುಗಳು ಅವು. ಇಪ್ಪತ್ತೈದು ವರ್ಷ ವಯಸ್ಸು.

ಕೇಸು ಇನ್ನೂ ದಾಖಲಾಗಿರಲಿಲ್ಲ, ಅಷ್ಟರಲ್ಲೇ ನ್ಯೂಯಾರ್ಕಿನ ಬಾಕ್ಸಿಂಗ್ ಮಂಡಳಿ ಲೈಸೆನ್ಸ್ ಕಿತ್ತುಕೊಂಡಿತು. ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಪಟ್ಟ ಹೋಯಿತು. ಜೂನ್ 20ರಂದು ಶಿಕ್ಷೆ, ಹೆಚ್ಚೆಂದರೆ ಎಷ್ಟಿತ್ತೋ ಅಷ್ಟೂ: ಐದು ವರ್ಷ, ಹತ್ತು ಸಾವಿರ. ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗುಳಿದ. ಪಾಸ್‌ಪೋರ್ಟ್ ಕಸಿದುಕೊಂಡದ್ದರಿಂದ ಹೊರದೇಶಕ್ಕೆ ಹೋಗಿ ಆಡುವ ಹಾಗೂ ಇಲ್ಲ. 1967ರ ಮಾರ್ಚಿನಿಂದ 1970ರ ಅಕ್ಟೋಬರ್‌ವರೆಗೆ ಮೂರೂವರೆ ವರ್ಷ ಒಂದು ಪಂದ್ಯ ಇಲ್ಲ. ಇಪ್ಪತ್ತೈದರಿಂದ ಇಪ್ಪತ್ತೆಂಟು, ಕಸುಬಿನವನ ಮೈ ಅರಳುವ ವಯಸ್ಸು ಅದು. ಅಷ್ಟು ವರ್ಷ ಅವನು ಹೇಗೆ ಗುದ್ದಾಡುತ್ತಿದ್ದ ಅನ್ನೋದನ್ನ ಲೋಕ ನೋಡಲೇ ಇಲ್ಲ.

ಆಗ ಅವನು ಹೋದದ್ದು ಎಲ್ಲಿಗೆ ಗೊತ್ತಾ? ಕಾಲೇಜುಗಳಿಗೆ. ಓದು ಹತ್ತದ ಮನುಷ್ಯ ಊರೂರಿನ ಕಾಲೇಜಿಗೆ ಹೋಗಿ ಭಾಷಣ ಮಾಡಿ, ಬಂದ ಸಂಭಾವನೆಯಲ್ಲಿ ಹೊಟ್ಟೆ ಹೊರೆದ. ಮೊದಮೊದಲು ಚೀಟಿ ಬರೆದುಕೊಂಡು ತಡವರಿಸುತ್ತಿದ್ದನಂತೆ. ಹುಡುಗರು ಕೆಣಕಿ ಪ್ರಶ್ನೆ ಹಾಕ್ತಿದ್ದರು, ಹೇಡಿ ಅಂತ ಕೂಗ್ತಿದ್ದರು. ಅವನು ವಾದಿಸುತ್ತಿದ್ದ ಬಗೆ ಇದು: ಮನೆಯಲ್ಲಿ ನನಗೆ ಸ್ವಾತಂತ್ರ್ಯ ಕೊಡದವರು ನೀವು, ನನ್ನ ಎದುರಾಳಿ ನೀವೇ ಹೊರತು ಸಾವಿರಾರು ಮೈಲಿ ದೂರದ ಬಡ ರೈತ ಅಲ್ಲ. ಅವನಿಗಿಂತ ಸ್ವಲ್ಪ ಮುಂಚೆ, 1967ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಕೂಡ ಯುದ್ಧದ ವಿರುದ್ಧ ಬಹಿರಂಗವಾಗಿ ಮಾತಾಡಿ ತಮ್ಮವರಿಂದಲೇ ಬೈಸಿಕೊಂಡಿದ್ದರು. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನ ಕಟ್ಟೆಯ ಮೇಲೆ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಕಪ್ಪು ಗ್ಲೌಸು ಹಾಕಿ ಮುಷ್ಟಿ ಎತ್ತಿದರಲ್ಲ, ಅವರ ಚಳವಳಿಯ ಬೇಡಿಕೆಗಳಲ್ಲಿ ಒಂದು ಅಲಿಯ ಪಟ್ಟ ಅಲಿಗೆ ಕೊಡಿ ಅನ್ನೋದು. ಅದೇ ಕಾವಿನ ಕಾಲ. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿತು. ಆ ಹೆಸರಿನಿಂದಲೇ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ದಲಿತ್ ಪ್ಯಾಂಥರ್ಸ್ ಕಟ್ಟಿದರು. ಆ ಬಿಸಿ ನಮ್ಮ ಹಾಸ್ಟೆಲುಗಳ ತನಕ ಬಂತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಏಟು ತಿಂದವರು ನಿಮ್ಮಂಥ ಹಾಸ್ಟೆಲ್ ಹುಡುಗರೇ.

ಇವನನ್ನು ಬೆಳೆಸಿದ ಸಂಘಟನೆಯ ಮಾತೂ ಹೇಳಬೇಕು, ಮುಚ್ಚಿಡಬಾರದು. ನೇಷನ್ ಆಫ್ ಇಸ್ಲಾಂನ ಗುರು ಎಲಿಜಾ ಮಹಮ್ಮದ್. ಬಿಳಿಯರೆಲ್ಲ ಹುಟ್ಟಾ ಸೈತಾನರು, ಕರಿಯರು ಬೇರೆಯೇ ದೇಶ ಮಾಡಿಕೊಳ್ಳಬೇಕು ಅನ್ನೋದು ಅವರ ಬೋಧನೆ. ಹುಟ್ಟಿನಿಂದಲೇ ಮನುಷ್ಯ ಕೆಟ್ಟವನು ಅನ್ನುವ ಮಾತನ್ನು ಅಂಬೇಡ್ಕರ್ ಓದಿದ ನಾವು ಒಪ್ಪೋದಿಲ್ಲ, ಮನುಧರ್ಮವೂ ಅದನ್ನೇ ತಾನೆ ಹೇಳಿದ್ದು? ಅಲಿಯನ್ನು ಆ ದಾರಿಗೆ ಕರೆತಂದ ಗೆಳೆಯ ಮಾಲ್ಕಂ ಎಕ್ಸ್. ಗುರುವಿಗೂ ಮಾಲ್ಕಂಗೂ ಬಿರುಕು ಬಂದಾಗ ಅಲಿ ಗುರುವಿನ ಕಡೆ ನಿಂತು ಗೆಳೆಯನಿಗೆ ಬೆನ್ನು ತಿರುಗಿಸಿದ. 1965ರ ಫೆಬ್ರವರಿ 21ರಂದು ಮಾಲ್ಕಂನನ್ನು ಗುಂಡಿಟ್ಟು ಕೊಂದರು. ಮುದಿವಯಸ್ಸಿನಲ್ಲಿ ಅಲಿ, ನನ್ನ ಬದುಕಿನಲ್ಲಿ ಬಹಳ ಕೊರಗು ಉಳಿಸಿದ ತಪ್ಪುಗಳಲ್ಲಿ ಅದೊಂದು ಅಂತ ಬರೆದ. ಇನ್ನೂ ಒಂದು ಸಂಗತಿ ಇದೆ. 1969ರಲ್ಲಿ, ದುಡ್ಡಿಗಾಗಿ ಮತ್ತೆ ರಿಂಗಿಗೆ ಇಳೀತೀನಿ ಅಂದದ್ದಕ್ಕೆ ಅದೇ ಗುರು ಅವನನ್ನು ಒಂದು ವರ್ಷ ಅಮಾನತು ಮಾಡಿ, ಇನ್ನು ಇವನು ಮಹಮ್ಮದ್ ಅಲಿ ಅಲ್ಲ, ಕ್ಯಾಶಿಯಸ್ ಕ್ಲೇ ಅಂತ ಪ್ರಕಟಿಸಿದರು. ಕೊಟ್ಟವರೇ ಹೆಸರು ಕಿತ್ತುಕೊಳ್ಳಲು ಬಂದರು! ಆದರೆ ಅಷ್ಟು ಹೊತ್ತಿಗೆ ಆ ಹೆಸರಿಗೆ ಅವನು ಬೆಲೆ ತೆತ್ತಾಗಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಸಂಘಟನೆಗಳು ಒಡೆದು ಒಡೆದು ಹೋಳಾದದ್ದು ಕಂಡವರಿಗೆ, ಕಾರ್ಯಕರ್ತನನ್ನು ತನ್ನ ಆಸ್ತಿ ಅಂದುಕೊಳ್ಳುವ ನಾಯಕರನ್ನು ಕಂಡವರಿಗೆ, ಇದು ದೂರದ ಕಥೆ ಅನ್ನಿಸಲಾರದು.

ಮತ್ತೆ ಆ ಮೂರೂವರೆ ವರ್ಷದ ಹೆಚ್ಚು ಕಾಲ ಅವನ ಜೊತೆ ಕಷ್ಟ ಉಂಡವಳು ಬೆಲಿಂಡಾ. 1967ರ ಆಗಸ್ಟಿನಲ್ಲಿ ಮದುವೆಯಾದಾಗ ಅವಳಿಗೆ ಹದಿನೇಳು. ದುಡ್ಡು ಹೆಸರು ಎರಡೂ ಮರಳಿ ಬಂದ ಮೇಲೆ ಅಲಿ ಬೇರೆ ಹೆಣ್ಣಿನ ಜೊತೆ ಮನಿಲಾಗೆ ಹೋದ. ನಾಯಕರ ಚರಿತ್ರೆ ಹೇಳುವಾಗ ಈ ಸಾಲುಗಳನ್ನು ನುಂಗಿಬಿಡುವ ಚಾಳಿ ನಮ್ಮಲ್ಲೂ ಇದೆ. ಇಲ್ಲಿರುವ ಅಕ್ಕತಂಗಿಯರ ಮುಂದೆ ನಾನು ನುಂಗಲಾರೆ.

1971ರ ಜೂನ್ 28ರಂದು ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಎಂಟಕ್ಕೆ ಸೊನ್ನೆ. ಕೋರ್ಟಿನ ಒಬ್ಬನೇ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಮೊದಲು ಸರ್ಕಾರದ ವಕೀಲರಾಗಿದ್ದ ಕಾರಣಕ್ಕೆ, ಕೇಸಿನಿಂದ ದೂರ ಉಳಿದಿದ್ದರು. ನೀನು ಮಾಡಿದ್ದು ಸರಿ ಅಂತ ಕೋರ್ಟು ಹೇಳಲಿಲ್ಲ. ಕೆಳಗಿನ ಮಂಡಳಿ ಅರ್ಜಿ ತಳ್ಳಿಹಾಕಲು ಸರಿಯಾದ ಕಾರಣ ಕೊಟ್ಟಿಲ್ಲ ಅಂತ ತಾಂತ್ರಿಕ ದಾರಿ ಹಿಡಿದು ಬಿಟ್ಟಿತು. ಆ ತೀರ್ಪನ್ನು ಕಾನೂನು ಪುಸ್ತಕದಲ್ಲಿ ಹುಡುಕಬೇಕಾದರೆ ಇವತ್ತಿಗೂ ಯಾವ ಹೆಸರಿನಲ್ಲಿ ಹುಡುಕಬೇಕು ಗೊತ್ತಾ? ಕ್ಲೇ.

ರಿಂಗಿನ ಸಂಗತಿ ಬೇಗ ಹೇಳಿ ಮುಗಿಸ್ತೀನಿ. 1974ರ ಅಕ್ಟೋಬರ್ 30, ಜೈರ್ ದೇಶದ ಕಿನ್ಶಾಸಾ. ಎದುರಿಗೆ ಜಾರ್ಜ್ ಫೋರ್ಮನ್, 40 ಪಂದ್ಯ ಆಡಿ 40ನ್ನೂ ಗೆದ್ದ ಬೆಟ್ಟ. ಇವನಿಗೆ 32, ಅವನಿಗೆ 25. ಕುಣಿಯೋದು ಬಿಟ್ಟು ಹಗ್ಗಕ್ಕೆ ಒರಗಿ ನಿಂತು, ಹೊಡಿ ಹೊಡಿ ಅಂತ ಹೊಡೆಸಿಕೊಂಡು, ಅವನ ತೋಳು ಸೋತ ಮೇಲೆ ಎಂಟನೇ ಸುತ್ತಿನಲ್ಲಿ ಕೆಡವಿದ. ಆಫ್ರಿಕಾದ ಜನ ಇವನ ಹೆಸರು ಕೂಗಿದರು. ಸರಿ, ಆದರೆ ಆ ಪಂದ್ಯಕ್ಕೆ ದುಡ್ಡು ಸುರಿದದ್ದು ಮೊಬುಟು ಎಂಬ ಸರ್ವಾಧಿಕಾರಿ, ಮರುವರ್ಷ ಮನಿಲಾದಲ್ಲಿ ಮಾರ್ಕೋಸ್. ದಣಿಯ ದೇಶಕ್ಕೆ ಇಲ್ಲ ಅಂದವನಿಗೆ ಇವರಿಗೆ ಇಲ್ಲ ಅನ್ನಲು ತೋಚಲಿಲ್ಲ. 1980ರಲ್ಲಿ ನಮ್ಮ ದೇಶಕ್ಕೂ ಬಂದಿದ್ದ, ಮದ್ರಾಸಿನಲ್ಲಿ ಪ್ರದರ್ಶನದ ಆಟ ಆಡಿದ. ಆ ಪ್ರವಾಸದಲ್ಲಿದ್ದಾಗಲೇ ಅಧ್ಯಕ್ಷ ಕಾರ್ಟರ್, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿ ಅಂತ ಆಫ್ರಿಕಾದ ದೇಶಗಳಿಗೆ ಹೇಳಿ ಬಾ ಅಂತ ಇವನನ್ನು ಕಳಿಸಿದರು. ಟಾಂಜಾನಿಯಾದಲ್ಲಿ ಸುದ್ದಿಗಾರರು ಕೇಳಿದರು: 1976ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದದ ವಿಷಯಕ್ಕೆ ನಾವು ಒಲಿಂಪಿಕ್ಸ್ ಬಿಟ್ಟಾಗ ನಿಮ್ಮ ಅಮೆರಿಕ ಎಲ್ಲಿತ್ತು? ಅದು ನನಗೆ ಯಾರೂ ಹೇಳಿರಲಿಲ್ಲ ಅಂತ ಅಲ್ಲೇ ಒಪ್ಪಿಕೊಂಡ. ಸರ್ಕಾರ ನಿಮ್ಮಲ್ಲೊಬ್ಬನಿಗೆ ಕಾರು ಕೊಟ್ಟು, ನಿಮ್ಮ ಕೇರಿಗೇ ಕಳಿಸಿದಾಗ ಈ ಟಾಂಜಾನಿಯಾದ ಪ್ರಶ್ನೆಯನ್ನ ನೆನಪಿಸಿಕೊಳ್ಳಿ.

ಇನ್ನು ಬೈಗುಳದ ಮಾತು. ಇದನ್ನ ಹೇಳಲಿಕ್ಕೇ ನಾನು ಬಂದದ್ದು.

ಜೋ ಫ್ರೇಜಿಯರ್ 1944ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಪಾಲುಗಾರಿಕೆ ಮಾಡುವ ಬಡ ಕಪ್ಪು ರೈತನ ಮನೆಯಲ್ಲಿ ಹುಟ್ಟಿದ. ಮನೆ ತುಂಬ ಮಕ್ಕಳು. ಊರು ಬಿಟ್ಟು ಫಿಲಡೆಲ್ಫಿಯಾಗೆ ಹೋಗಿ ಕಸಾಯಿಖಾನೆಯಲ್ಲಿ ಕೂಲಿ ಮಾಡಿದ. ಅಲಿಗಿಂತ ಬಡವ, ಅಲಿಗಿಂತ ಕಪ್ಪು, ಮಾತು ಬಾರದವನು. ಅಲಿ ಕೆಲಸವಿಲ್ಲದೆ ಅಲೆಯುವಾಗ ಈತ ಕೈಗಡ ಕೊಟ್ಟ, ಅಲಿಗೆ ಲೈಸೆನ್ಸ್ ವಾಪಸ್ ಕೊಡಿ ಅಂತ ವಾದಿಸಿದ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಎದುರಾದರು. ಆ ಪಂದ್ಯದ ಮುಂಚೆ ಅಲಿ ಅವನನ್ನು 'ಅಂಕಲ್ ಟಾಮ್' ಅಂದ, ಅಂದ್ರೆ ಬಿಳಿ ದಣಿಗೆ ಬಾಲ ಅಲ್ಲಾಡಿಸುವ ಕರಿಯ. ಪಂದ್ಯ ಗೆದ್ದದ್ದು ಫ್ರೇಜಿಯರ್, ಹದಿನೈದನೇ ಸುತ್ತಿನಲ್ಲಿ ಎಡಗೈಯ ಒಂದು ಗುದ್ದಿಗೆ ಅಲಿಯನ್ನು ನೆಲಕ್ಕೆ ಕೆಡವಿದ. 1975ರ ಮನಿಲಾ ಪಂದ್ಯಕ್ಕೆ ಮುಂಚೆ ಅಲಿ ಇನ್ನೂ ಕೆಳಗಿಳಿದ. ಅವನನ್ನು ಗೊರಿಲ್ಲಾ ಅಂದ, ಕುರೂಪಿ ಅಂದ, ಪ್ರಾಸ ಹಾಕಿ ಅಂದ. ರಬ್ಬರಿನ ಗೊರಿಲ್ಲಾ ಬೊಂಬೆ ಜೇಬಿನಿಂದ ತೆಗೆದು ಸುದ್ದಿಗಾರರ ಮುಂದೆ ಗುದ್ದಿ ನಗಿಸಿದ.

ಯೋಚನೆ ಮಾಡಿ. ಕರಿಯ ಅಂದ್ರೆ ಕೋತಿ ಅಂತ ಬೈದವರು ಯಾರು? ನಾನು ಚೆಲುವ ಅಂತ ಯಾರ ಮುಖಕ್ಕೆ ಹೊಡೆದ ಹಾಗೆ ಹೇಳಿದನೋ ಅವರು. ಅವರ ಬಾಯಿಯ ಎಂಜಲು ಮಾತನ್ನು ಎತ್ತಿ ತನಗಿಂತ ಕಪ್ಪಗಿರುವ ಅಣ್ಣತಮ್ಮನ ಮುಖಕ್ಕೆ ಎರಚಿದ. ಟಿಕೆಟ್ ಮಾರಲಿಕ್ಕೆ ಮಾಡಿದ ನಾಟಕ ಅಂತ ಸಮರ್ಥನೆ ಕೊಡ್ತಾರೆ. ಫ್ರೇಜಿಯರನ ಮಕ್ಕಳು ಶಾಲೆಯಲ್ಲಿ ಆ ಮಾತು ಕೇಳಬೇಕಾಯಿತು, ಅವರಿಗೆ ಅದು ನಾಟಕ ಆಗಿರಲಿಲ್ಲ. ಮನಿಲಾದ ಆ ಸುಡುಸೆಕೆಯಲ್ಲಿ ಇಬ್ಬರೂ ಸಾಯುವ ತನಕ ಬಡಿದಾಡಿದರು. ಹದಿನಾಲ್ಕು ಸುತ್ತಾದ ಮೇಲೆ ಫ್ರೇಜಿಯರನ ಕಣ್ಣು ಎರಡೂ ಊದಿ ಮುಚ್ಚಿದ್ದವು. ಅವನ ತರಬೇತುದಾರ ಎಡ್ಡಿ ಫಚ್ ಸಾಕು ಕೂತ್ಕೋ ಮಗನೇ ಅಂತ ಕೈಬಿಡಿಸಿದ. ಆಮೇಲೆ ಎಷ್ಟೋ ವರ್ಷ ಫ್ರೇಜಿಯರ್ ಗುದ್ದುಗಳನ್ನು ಮರೆತರೂ ಆ ಮಾತುಗಳನ್ನು ಮರೆಯಲಿಲ್ಲ.

ನಮ್ಮಲ್ಲಿ ಎಡಗೈನವರು ಬಲಗೈನವರಿಗೆ, ಬಲಗೈನವರು ಎಡಗೈನವರಿಗೆ ಬೆನ್ನ ಹಿಂದೆ ಏನಂತೀವಿ? ಆ ಬೈಗುಳಗಳಲ್ಲಿ ಒಂದಾದರೂ ನಾವು ಹುಟ್ಟಿಸಿದ್ದಾ? ಒಂದೇ ಹಾಸ್ಟೆಲಿನಲ್ಲಿ ಒಂದೇ ಅಕ್ಕಿಯ ಅನ್ನ ಉಣ್ಣುವವರು, ಜಗಳ ಬಂದಾಗ ಮೊದಲು ನಾಲಿಗೆಗೆ ಬರೋದು ಊರ ಗೌಡ ನಮ್ಮಪ್ಪನಿಗೆ ಬೈದ ಮಾತೇ. ರೂಮು ಹಂಚಿಕೊಳ್ಳುವಾಗ ಯಾವ ಊರು ಅಂತ ಕೇಳೋದರ ಒಳಗೆ ಏನು ಕೇಳ್ತಿದ್ದೀವಿ ಅಂತ ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಪೌರಕಾರ್ಮಿಕರ ಮನೆಯಿಂದ ಬಂದ ಹುಡುಗನ ತಟ್ಟೆಯ ಪಕ್ಕ ಒಂದು ಜಾಗ ಖಾಲಿ ಇದ್ದರೆ, ಆ ಜಾಗ ಬಿಟ್ಟವರು ಬ್ರಾಹ್ಮಣರಲ್ಲ. ಹೊರಗಿನವರಿಗೆ ಇಲ್ಲ ಅನ್ನೋದಕ್ಕೆ ಎದೆ ಬೇಕು, ಅಲಿಗೆ ಇತ್ತು. ಆದರೆ ಜೊತೆಯವನ ಮುಂದೆ ನಾಲಿಗೆ ಹಿಡಿಯೋದು ಅವನಿಗೂ ಆಗಲಿಲ್ಲ.

1984ರಲ್ಲಿ ಅವನಿಗೆ ಪಾರ್ಕಿನ್ಸನ್ ರೋಗ ಅಂತ ಗೊತ್ತಾಯಿತು. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟಿನ ಪಾಲೂ ಅದರಲ್ಲಿದೆ ಅಂತ ಅನೇಕರು ಹೇಳ್ತಾರೆ. ಕೈ ನಡುಗಲು ಶುರುವಾಯಿತು. ಆ ವಾಚಾಳಿಯ ದನಿ ಪಿಸುಮಾತಿಗೆ ಇಳಿಯಿತು. ಆ ಸ್ಥಿತಿಯಲ್ಲೇ 1990ರಲ್ಲಿ ಇರಾಕಿಗೆ ಹೋಗಿ, ಒತ್ತೆಯಾಳಾಗಿದ್ದ 15 ಮಂದಿ ಅಮೆರಿಕನ್ನರನ್ನು ಬಿಡಿಸಿಕೊಂಡು ಬಂದ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿಯನ್ನು ನಡುಗುವ ಕೈಯಲ್ಲಿ ಹೊತ್ತಿಸಿದ, ಕಳೆದುಹೋಗಿದ್ದ ಪದಕಕ್ಕೆ ಬದಲಿ ಪದಕ ಕೊಟ್ಟರು. ಹುಟ್ಟಿದೂರಿನ ವಿಮಾನ ನಿಲ್ದಾಣಕ್ಕೆ 2019ರಲ್ಲಿ ಅವನ ಹೆಸರಿಟ್ಟರು. ಅವನು ಉಳಿಸಿಕೊಂಡ ಹೆಸರು.

2001ರಲ್ಲಿ ಪತ್ರಿಕೆಯವರ ಮೂಲಕ ಫ್ರೇಜಿಯರ್‌ಗೆ ಕ್ಷಮೆ ಕೇಳಿದ, ಆಡಬಾರದ ಮಾತು ಆಡಿದೆ ಅಂತ. ಪತ್ರಿಕೆಗೆ ಹೇಳಿದರೆ ಸಾಲದು, ನನಗೆ ಹೇಳಬೇಕಿತ್ತು ಅಂತ ಫ್ರೇಜಿಯರನ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ನ್ಯಾಯವೇ. 2011ರ ನವೆಂಬರ್ 7ರಂದು ಫ್ರೇಜಿಯರ್ ತೀರಿಕೊಂಡ. ಫಿಲಡೆಲ್ಫಿಯಾದಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ಅಲಿ ಬಂದ. ಆಗ ಅವನಿಗೆ ಮಾತಾಡೋದು, ನಡೆಯೋದು ಎರಡೂ ಕಷ್ಟ. ಜೆಸ್ಸಿ ಜಾಕ್ಸನ್ ಮಾತಾಡುತ್ತಾ, ಎಲ್ಲರೂ ಎದ್ದು ನಿಂತು ಜೋಗೆ ನಿಮ್ಮ ಪ್ರೀತಿ ತೋರಿಸಿ ಅಂದರು. ಅಲಿ ಪಕ್ಕದವರ ಆಸರೆ ಹಿಡಿದು ಎದ್ದ. ನಡುಗುವ ಕೈಯಲ್ಲೇ ಚಪ್ಪಾಳೆ ತಟ್ಟಿದ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದವರು ಕೇಳಿ. ಊಟದ ಗಂಟೆಗೆ ಮುಂಚೆ ಇನ್ನೂ ಅರ್ಧ ಗಂಟೆ ಇದೆ. ಜೈ ಭೀಮ್.